ಹಾಲ್‌ನ ಬೀಗದ ಕೈ ಯಾರ ಹತ್ರ ಇದೆ?

ಪೋಸ್ಟ್ ಸ್ವಲ್ಪ ಉದ್ದ ಆಗಿದೆ. ಬಿಡುವು ಮಾಡ್ಕೊಂಡು ಓದಿ, ಮುಖ್ಯವಾಗಿ ಕಂಟೋನ್ಮೆಂಟ್ ಕಡೆಯವರು.

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಒಬ್ಬ ಅಜ್ಜಿ ತೀರಿಕೊಂಡರು. ಆಯುಷ್ಯ ಪೂರ್ತಿ ಈ ಊರಿನ ರಸ್ತೆ ಗುಡಿಸಿದವರು. ಮನೆ ಅಂದ್ರೆ ಒಂದೇ ಕೋಣೆ, ಹೆಣ ಮಲಗಿಸಿದ ಮೇಲೆ ನಾಲ್ಕು ಜನ ನಿಲ್ಲೋಕೆ ಜಾಗ ಇಲ್ಲ. ಹೊರಗೆ ಜಡಿಮಳೆ. ಎದುರಿಗೇ ಸಮುದಾಯ ಭವನ ಇದೆ. ಗೋಡೆ ಮೇಲೆ ಕರಿಕಲ್ಲು, ಸಂಸದರ ನಿಧಿಯಿಂದ ಕಟ್ಟಿದ್ದು, ಇಷ್ಟು ಲಕ್ಷ, ಇಂಥವರಿಂದ ಉದ್ಘಾಟನೆ ಅಂತ ಚಿನ್ನದ ಬಣ್ಣದ ಅಕ್ಷರ. ಬಾಗಿಲಿಗೆ ಬೀಗ. ಬೀಗದ ಕೈ ಇಟ್ಕೊಂಡವರು ಫೋನ್ ಎತ್ತಲಿಲ್ಲ. ಸಂಜೆವರೆಗೂ ಹುಡುಗರು ಟಾರ್ಪಾಲಿನ ನಾಲ್ಕು ಮೂಲೆ ಹಿಡ್ಕೊಂಡು ನಿಂತರು, ಅದರ ಕೆಳಗೆ ಅಜ್ಜಿ.

ಆ ಹಾಲ್‌ಗೆ ಅರ್ಜಿ ಬರೆದವರಲ್ಲಿ ನಮ್ಮಪ್ಪನೂ ಒಬ್ಬರು. ಹಾಗಾಗಿ ಈ ದುಡ್ಡಿನ ಕತೆ ಸರಿಯಾಗಿ ಹೇಳಬೇಕು ಅನ್ನಿಸ್ತು. ದೆಹಲಿಯ ದುಡ್ಡು ಹಲಸೂರಿನ ಸಂದಿಗೆ ಹೇಗೆ ಬರುತ್ತೆ, ಯಾರು ಕೇಳ್ತಾರೆ, ಯಾರ ಹೆಸರು ಕಲ್ಲಿನ ಮೇಲೆ ಕೂರುತ್ತೆ.

ಮೊದಲಿಂದ ಶುರು ಮಾಡೋಣ. ನಮ್ಮ ಕಂಟೋನ್ಮೆಂಟ್ 1809ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಹುಟ್ಟಿದ್ದು. ಸೈನ್ಯದ ಹಿಂದೆ ಮದ್ರಾಸ್ ಕಡೆಯಿಂದ ನಮ್ಮವರು ಬಂದರು. ಕುದುರೆ ನೋಡೋರು, ಹುಲ್ಲು ಕೊಯ್ಯೋರು, ಬಟ್ಲರು, ಆಯಾ, ಗಾರೆ ಕೆಲಸದವರು, ಮಲ ಹೊರೋರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ಈ ಭಾಗವನ್ನು ಬ್ರಿಟಿಷರು ಕೊಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಇಟ್ಕೊಂಡು ರೆಸಿಡೆಂಟರ ಕೈಗೆ ಒಪ್ಪಿಸಿದರು. ಮೈಸೂರಿಗೆ ಅದು ವಾಪಸ್ ಬಂದಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಇದ್ದಾಗ. 1949ರಲ್ಲಿ ಸಿಟಿ ಮತ್ತು ಕಂಟೋನ್ಮೆಂಟ್ ಎರಡೂ ಮುನಿಸಿಪಾಲಿಟಿ ಸೇರಿ ಒಂದು ಕಾರ್ಪೊರೇಷನ್ ಆಯ್ತು. ಅಂದ್ರೆ ಅರವತ್ತಾರು ವರ್ಷ ಈ ಜಾಗ ಮೈಸೂರಿನ ನಡುವೆ ಇದ್ದೂ ಮೈಸೂರಿನದಾಗಿರಲಿಲ್ಲ. ಮೈಸೂರಿನವರಿಗೆ ಪ್ರಜಾಪ್ರತಿನಿಧಿ ಸಭೆ ಇತ್ತು, ವರ್ಷಕ್ಕೊಮ್ಮೆ ದಿವಾನರ ಮುಂದೆ ನಿಂತು ಕೆರೆ, ರಸ್ತೆ, ಶಾಲೆ ಕೇಳಬಹುದಿತ್ತು. ನಮ್ಮ ಕಡೆ ರೆಸಿಡೆಂಟರಿಗೆ ಅರ್ಜಿ ಹಾಕೋದು ಬಿಟ್ಟರೆ ದಾರಿ ಇರಲಿಲ್ಲ. ಅರ್ಜಿ ಹಿಡಿದು ದೊಡ್ಡವರ ಬಾಗಿಲಲ್ಲಿ ನಿಲ್ಲೋ ಅಭ್ಯಾಸ ಈ ಭಾಗದ ಜನಕ್ಕೆ ಅಷ್ಟು ಹಳೇದು.

ಅವರು ಮೂಲಸೌಕರ್ಯ ಕಟ್ಟಲಿಲ್ಲ ಅಂತಲ್ಲ. 1898ರ ಪ್ಲೇಗ್ ಆದ ಮೇಲೆ ಗಾಳಿ ಬೆಳಕು ನೋಡಿ ಫ್ರೇಜರ್ ಟೌನ್ ಕಟ್ಟಿದರು. ಹಳೇ ಬಡಾವಣೆಗಳ ನಕ್ಷೆ ತೆಗೆದು ನೋಡಿ, ಮನೆಸಾಲುಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತೆ. ಕನ್ಸರ್ವೆನ್ಸಿ ಲೇನ್ ಅಂತಾರೆ. ಪಾಯಿಖಾನೆಯ ಡಬ್ಬ ಎತ್ಕೊಂಡು ಹೋಗೋರು ಮುಂಬಾಗಿಲಲ್ಲಿ ಕಾಣಿಸಬಾರದು ಅಂತ ಮಾಡಿದ ದಾರಿ. ಈಗ ಪರಂಪರೆ ನಡಿಗೆ ಅಂತ ಬರೋ ಹುಡುಗ ಹುಡುಗಿಯರು ಅಲ್ಲಿ ಫೋಟೋ ತೆಗೀತಾರೆ, ಬೊಗೇನ್‌ವಿಲ್ಲಾ ಚೆನ್ನಾಗಿ ಬರುತ್ತೆ. ನಮ್ಮ ಅಜ್ಜಂದಿರಿಗೆ ಅಂತಲೇ ಸರ್ಕಾರ ನಕ್ಷೆ ಹಾಕಿ ಕಟ್ಟಿದ ಮೊದಲ ರಸ್ತೆ ಅದು! ಮಲವನ್ನು ತಲೆ ಮೇಲೆ ಹೊರೋದು ನಿಲ್ಲಲಿ ಅಂತ ಆದೇಶ ಬಂದಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿ ಆಗಿದ್ದಾಗ. ಅವರನ್ನು ಬೂಸಾ ಗಲಾಟೆಯಲ್ಲಿ ಹೇಗೆ ಕೆಳಗಿಳಿಸಿದರು ಅನ್ನೋದು ಈ ಪೇಜ್ ಓದೋರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಪೂರ್ವ ಬೆಂಗಳೂರಿಗೆ ಕೇಂದ್ರದ ದುಡ್ಡು ಬಂದಿದ್ದು ಕಾರ್ಖಾನೆಗಳ ರೂಪದಲ್ಲಿ. ಎಚ್‌ಎಎಲ್ 1940ರಿಂದಲೇ ಇತ್ತು. 1948ರಲ್ಲಿ ಕೆ.ಆರ್. ಪುರದ ಹತ್ರ ಐಟಿಐ, ಆಮೇಲೆ ಬೆಮೆಲ್. ಮೀಸಲಾತಿಯಿಂದ ಅಲ್ಲಿ ಕೆಲಸ ಸಿಕ್ಕ ನಮ್ಮವರ ಮಕ್ಕಳು ಓದಿದರು, ಸೈಟು ಮಾಡಿದರು. ನನ್ನನ್ನು ಕೇಳಿದರೆ ಈ ಭಾಗದ ದಲಿತರಿಗೆ ಕೇಂದ್ರದಿಂದ ಬಂದ ಅತಿ ದೊಡ್ಡ ಮೂಲಸೌಕರ್ಯ ಅಂದ್ರೆ ತಿಂಗಳ ಕೊನೆಗೆ ಬರ್ತಿದ್ದ ಆ ಸಂಬಳದ ಕವರು. ಅದಕ್ಕೆ ಯಾವ ಎಂಪಿಯ ಕಲ್ಲೂ ಬೇಕಾಗಿರಲಿಲ್ಲ. ಆ ಕಾಲದಲ್ಲಿ ಸಾಮಾನ್ಯ ಎಂಪಿ ತನ್ನ ಕೇರಿಗೆ ಒಂದು ಬೋರ್‌ವೆಲ್ ಹಾಕಿಸಬೇಕಾದರೂ ಅಧಿಕಾರಿಗೆ ಪತ್ರ ಬರೆದು ಕಾಯಬೇಕಿತ್ತು. ಕ್ಷೇತ್ರಕ್ಕೆ ಏನಾದರೂ ದೊಡ್ಡದು ತರೋಕೆ ಜಾಫರ್ ಷರೀಫರ ಹಾಗೆ ರೈಲ್ವೆ ಮಂತ್ರಿಯೇ ಆಗಿರಬೇಕಿತ್ತು.

ಅದು ಬದಲಾಗಿದ್ದು 1993ರ ಡಿಸೆಂಬರ್ 23ಕ್ಕೆ. ಪ್ರಧಾನಿ ಪಿ.ವಿ. ನರಸಿಂಹರಾವ್ ಲೋಕಸಭೆಯಲ್ಲಿ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಘೋಷಿಸಿದರು. ಆ ವರ್ಷವನ್ನು ಸ್ವಲ್ಪ ನೆನಪು ಮಾಡ್ಕೊಳ್ಳಿ. ಬಹುಮತ ಇಲ್ಲದ ಸರ್ಕಾರ. ಜುಲೈನಲ್ಲಿ ಅವಿಶ್ವಾಸ ನಿರ್ಣಯದಿಂದ ಅದು ಹೇಗೆ ಪಾರಾಯ್ತು, ಜಾರ್ಖಂಡ್ ಮುಕ್ತಿ ಮೋರ್ಚಾ ಲಂಚದ ಕತೆ ಏನು, ಎಲ್ಲರಿಗೂ ಗೊತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ 73ನೇ ತಿದ್ದುಪಡಿ, ಜೂನ್‌ನಲ್ಲಿ 74ನೇ ತಿದ್ದುಪಡಿ ಜಾರಿಯಾಗಿದ್ದವು. ಪಂಚಾಯ್ತಿ ಮತ್ತು ನಗರಸಭೆಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತ್ತು, ಅದರಲ್ಲಿ ನಮಗೂ ಹೆಣ್ಣುಮಕ್ಕಳಿಗೂ ಮೀಸಲಾತಿ ಇತ್ತು. ಮೋರಿ, ಬೀದಿದೀಪ, ಸಮುದಾಯ ಭವನ ಇವೆಲ್ಲ ವಾರ್ಡಿನ ಕೆಲಸ ಅಂತ ಕಾಗದದಲ್ಲಿ ಬರೆದು ಆರು ತಿಂಗಳಾಗಿತ್ತು ಅಷ್ಟೆ. ಅಷ್ಟರಲ್ಲಿ ಆ ಕೆಲಸದ ದುಡ್ಡಿನ ಒಂದು ಪಾಲು ಎಂಪಿಯ ಕೈಗೆ ಹೋಯ್ತು. ಇದು ಕಾಕತಾಳೀಯ ಅಂತ ಹೇಳೋರಿದ್ದಾರೆ. ಇರಲಿ.

ಮೊದಲ ವರ್ಷ ತಲಾ 5 ಲಕ್ಷ. ಮರುವರ್ಷವೇ 1 ಕೋಟಿ. 1998–99ರಿಂದ 2 ಕೋಟಿ, 2011–12ರಿಂದ 5 ಕೋಟಿ. ದುಡ್ಡು ಎಂಪಿಯ ಜೇಬಿಗೆ ಬರಲ್ಲ, ಇದನ್ನು ಸರಿಯಾಗಿ ತಿಳ್ಕೋಬೇಕು. ಎಂಪಿ ಕಾಮಗಾರಿಯನ್ನು ಶಿಫಾರಸು ಮಾಡ್ತಾರೆ. ಮಂಜೂರು ಮಾಡೋದು ಜಿಲ್ಲಾ ಪ್ರಾಧಿಕಾರ, ಅಂದ್ರೆ ಸಾಮಾನ್ಯವಾಗಿ ಡಿಸಿ. ಗುಡಿ, ಮಸೀದಿ, ಚರ್ಚಿಗೆ ಕೊಡಂಗಿಲ್ಲ, ಸ್ಮಾರಕ ಕಟ್ಟಂಗಿಲ್ಲ, ಜಾಗ ಕೊಳ್ಳಂಗಿಲ್ಲ. ಕೆಲಸ ಮುಗಿದ ಮೇಲೆ ಕಲ್ಲು ಹಾಕಬೇಕು, ಅದರ ಮೇಲೆ ಎಂಪಿ ಹೆಸರು ಇರಬೇಕು ಅಂತ ನಿಯಮವೇ ಇದೆ. ಕಲ್ಲಿನ ನಿಯಮ ಮಾತ್ರ ಎಲ್ಲಾ ಕಡೆ ತಪ್ಪದೆ ಪಾಲನೆ ಆಗುತ್ತೆ ನೋಡಿ!

ಇನ್ನೊಂದು ನಿಯಮ ಇದೆ. ವರ್ಷದ ದುಡ್ಡಲ್ಲಿ ಕನಿಷ್ಠ 15% ಪರಿಶಿಷ್ಟ ಜಾತಿಯ ಜನ ಇರುವ ಪ್ರದೇಶಕ್ಕೆ, 7.5% ಪರಿಶಿಷ್ಟ ಪಂಗಡದವರ ಪ್ರದೇಶಕ್ಕೆ. ಲೆಕ್ಕ ಹಾಕೋಣ. 5 ಕೋಟಿಯಲ್ಲಿ 15% ಅಂದ್ರೆ 75 ಲಕ್ಷ. ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ. ಹಂಚಿದರೆ ಒಂದಕ್ಕೆ ವರ್ಷಕ್ಕೆ 9 ಲಕ್ಷದ 37 ಸಾವಿರದ ಐನೂರು. ಈ ಊರಲ್ಲಿ ಆ ದುಡ್ಡಿಗೆ ಎಷ್ಟು ಮೀಟರ್ ಮೋರಿ ಬರುತ್ತೆ, ನಿಮ್ಮ ಪರಿಚಯದ ಗುತ್ತಿಗೆದಾರರನ್ನು ಕೇಳಿ ನೋಡಿ. 2008ರ ಪುನರ್ವಿಂಗಡಣೆ ಆದ ಮೇಲೆ ಬೆಂಗಳೂರಿನ ಪೂರ್ವ ಭಾಗದಲ್ಲೇ ಸಿ.ವಿ. ರಾಮನ್ ನಗರ, ಪುಲಕೇಶಿನಗರ, ಮಹದೇವಪುರ ಅಂತ ಮೂರು ಮೀಸಲು ಕ್ಷೇತ್ರ ಇವೆ. ನಮ್ಮ ಜನ ಎಷ್ಟಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ? ಅಷ್ಟು ಜನಕ್ಕೆ ಈ ದುಡ್ಡು ಉಪ್ಪಿನಕಾಯಿ ಇದ್ದ ಹಾಗೆ, ಊಟ ಬೇರೆ ಎಲ್ಲೋ ಬಡಿಸ್ತಾರೆ.

ಆ ಉಪ್ಪಿನಕಾಯಿಯಲ್ಲೂ ಆಟ ಇದೆ. ನಿಯಮದಲ್ಲಿರೋದು ‘ಪ್ರದೇಶ’ ಅನ್ನೋ ಪದ. ಕೆಲವು ವರ್ಷದ ಹಿಂದೆ ನಾವು ಮಾಹಿತಿ ಹಕ್ಕಿನಲ್ಲಿ ನಮ್ಮ ಕಡೆಯ ಪಟ್ಟಿ ತರಿಸಿದ್ದೆವು. ಪರಿಶಿಷ್ಟ ಜಾತಿ ಪ್ರದೇಶದ ಕಾಮಗಾರಿ ಅಂತ ತೋರಿಸಿದ್ದ ಒಂದು ರಸ್ತೆ ನಮ್ಮ ಕಾಲೋನಿಯ ಪಕ್ಕದಿಂದ ಹೋಗುತ್ತೆ ಅಷ್ಟೆ. ಅದರ ಮೇಲೆ ಓಡಾಡೋದು ಅಪಾರ್ಟ್‌ಮೆಂಟಿನ ಕಾರುಗಳು. ನಮ್ಮ ಸಂದಿಯ ಬಾಯಿವರೆಗೆ ಟಾರು ಬಂದು ಅಲ್ಲೇ ನಿಂತಿದೆ. ಕೇಳಿದಾಗ ಮೇಜಿನ ಆಚೆ ಕೂತ ಅಧಿಕಾರಿ, ‘ನಿಮ್ಮೋರೂ ಅದೇ ರೋಡಲ್ಲಿ ತಾನೇ ಓಡಾಡೋದು’ ಅಂದರು.

ಈ ವಾದ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ರಾಜ್ಯದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ 7(ಡಿ). 2013ರಲ್ಲಿ ಕಾಯ್ದೆ ಬಂದಾಗ ನಾವೆಲ್ಲ ಕುಣಿದಾಡಿದ್ದೆವು, ಜನಸಂಖ್ಯೆಗೆ ತಕ್ಕ ಹಾಗೆ 24.1% ದುಡ್ಡು ನಮ್ಮದೇ ಅಂತ. ಆದರೆ ಎಲ್ಲರೂ ಬಳಸುವ ರಸ್ತೆ, ನೀರಾವರಿಯಲ್ಲಿ ದಲಿತರ ಪಾಲೂ ಇದೆ ಅಂತ ‘ಭಾವಿಸಿ’ ಖರ್ಚು ಬರೆಯೋಕೆ 7(ಡಿ) ಒಂದು ಕಿಂಡಿ ಬಿಟ್ಟಿತ್ತು. ಹತ್ತು ವರ್ಷ ಹೋರಾಡಿ 2023ರಲ್ಲಿ ಅದನ್ನು ತೆಗೆಸಿದೆವು. ಅದೇ ವರ್ಷದಿಂದ ಗ್ಯಾರಂಟಿ ಯೋಜನೆಗಳಿಗೆ ಇದೇ ನಿಧಿಯಿಂದ ಮೊದಲು 11 ಸಾವಿರ ಕೋಟಿ, ಮರುವರ್ಷ 14 ಸಾವಿರ ಕೋಟಿ ಚಿಲ್ಲರೆ ತೋರಿಸಿದರು. ಕಿಂಡಿ ಮುಚ್ಚಿ ಬಾಗಿಲು ತೆಗೆದರು. ಇದರ ಬಗ್ಗೆ ಬೇರೆ ಪೋಸ್ಟ್ ಬರೀತೀನಿ, ಇಲ್ಲಿ ಬೇಡ.

ಸಂಸದರ ನಿಧಿಯನ್ನೇ ರದ್ದು ಮಾಡಿ ಅಂತ ಹೇಳಿದವರಲ್ಲಿ ಇಬ್ಬರು ನಮ್ಮ ರಾಜ್ಯದವರೇ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಹೇಳಿತು. ವೀರಪ್ಪ ಮೊಯ್ಲಿಯವರ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಹೇಳಿತು, ಶಾಸಕರ ನಿಧಿಯನ್ನೂ ಸೇರಿಸಿ. ಕಾನೂನು ಮಾಡೋರು, ಸರ್ಕಾರದ ಖರ್ಚನ್ನು ಪ್ರಶ್ನೆ ಮಾಡಬೇಕಾದೋರು ತಾವೇ ಖರ್ಚು ಮಾಡಿಸೋಕೆ ನಿಂತರೆ ಕೇಳೋರು ಯಾರು ಅನ್ನೋದು ಅವರ ವಾದದ ಸಾರ. 2010ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಭೀಮ್ ಸಿಂಗ್ ಪ್ರಕರಣದಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು, ಸಂವಿಧಾನದ 282ನೇ ವಿಧಿಯ ಆಧಾರದ ಮೇಲೆ. ಆ ಪೀಠದ ಮುಖ್ಯಸ್ಥರು ಕೆ.ಜಿ. ಬಾಲಕೃಷ್ಣನ್, ದೇಶದ ಮೊದಲ ದಲಿತ ಮುಖ್ಯ ನ್ಯಾಯಮೂರ್ತಿ.

ನಾನು ಯಾವ ಕಡೆ? ಪುಸ್ತಕ ಓದುವಾಗ ಮೊಯ್ಲಿ, ವೆಂಕಟಾಚಲಯ್ಯನವರ ಕಡೆ. ಬಾಬಾಸಾಹೇಬರ ಪ್ರಾಂತೀಯ ಹಣಕಾಸಿನ ಮೇಲಿನ ಪುಸ್ತಕ 1925ರದ್ದು. ಬ್ರಿಟಿಷ್ ಕಾಲದಲ್ಲಿ ಖಜಾನೆ ಪೂರ್ತಿ ಕೇಂದ್ರದ ಕೈಯಲ್ಲಿದ್ದಾಗ ಖರ್ಚು ಮಾಡೋ ಪ್ರಾಂತ್ಯಗಳಿಗೆ ಹೊಣೆಯೇ ಇರಲಿಲ್ಲ, 1871ರಿಂದ ಹಂತ ಹಂತವಾಗಿ ದುಡ್ಡು ಮತ್ತು ಹೊಣೆ ಎರಡೂ ಹೇಗೆ ಕೆಳಗೆ ಇಳಿದವು ಅಂತ ಅದರಲ್ಲಿ ಬಿಡಿಸಿ ಇಟ್ಟಿದ್ದಾರೆ. ಅದನ್ನು ಓದಿದವರು, ದೆಹಲಿಯಿಂದ ಎಂಪಿ ಕೈಗೆ, ಅಲ್ಲಿಂದ ಡಿಸಿ ಮೂಲಕ ನಮ್ಮ ಮೋರಿಗೆ ದುಡ್ಡು ಬರೋದು ಸರಿಯಾದ ದಾರಿ ಅಂತ ಒಪ್ಪೋದು ಕಷ್ಟ.

ಆದರೆ ಅಪ್ಪನನ್ನು ನೆನೆಸ್ಕೊಂಡಾಗ ಬೇರೆ ಮಾತು. ಆಗ ನಮ್ಮವರ ಮದುವೆಗೆ ಛತ್ರ ಸಿಗ್ತಿರಲಿಲ್ಲ. ಹೆಸರು ಕೇಳ್ತಿದ್ದರು, ಬೀದಿ ಕೇಳ್ತಿದ್ದರು, ಆಮೇಲೆ ‘ಆ ದಿನ ಬುಕ್ ಆಗಿದೆ’. ರಸ್ತೆಯಲ್ಲೇ ಶಾಮಿಯಾನ ಹಾಕಿ ಅಕ್ಕನ ಮದುವೆ ಆಯ್ತು. ವಾರ್ಡಿನ ಆಫೀಸಿಗೆ ಅಪ್ಪ ಎಷ್ಟು ಸಲ ಹೋಗಿದ್ದರೋ. ಕೊನೆಗೆ ನಾಲ್ಕು ಜನ ಸೇರಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆಸಿ, ಇಡೀ ಬೀದಿಯ ಸಹಿ ಹೆಬ್ಬೆಟ್ಟು ಹಾಕಿಸಿ, ಎಂಪಿ ಮನೆ ಮುಂದೆ ಬೆಳಿಗ್ಗೆ ಆರಕ್ಕೇ ನಿಂತರು. ಮೂರು ವರ್ಷ ಅಲೆದ ಮೇಲೆ ಹಾಲ್ ಬಂತು. ಗುದ್ದಲಿ ಪೂಜೆ ದಿನ ಅಪ್ಪ ಇಸ್ತ್ರಿ ಶರಟು ಹಾಕ್ಕೊಂಡು ಹೂವಿನ ಹಾರ ಹಿಡ್ಕೊಂಡು ನಿಂತಿದ್ದ ಫೋಟೋ ಮನೆಯಲ್ಲಿದೆ. ಹತ್ತು ವರ್ಷ ಅಲ್ಲಿ ನಮ್ಮ ಮದುವೆ, ನಾಮಕರಣ, ಏಪ್ರಿಲ್ 14, ಹುಡುಗರ ಟ್ಯೂಷನ್ ಎಲ್ಲಾ ನಡೆದವು. ಹಕ್ಕಿನ ದುಡ್ಡಿಗೆ ಹಾರ ಯಾಕಪ್ಪಾ ಅಂತ ಕಾಲೇಜಿಗೆ ಹೋಗ್ತಿದ್ದ ನಾನು ಜಗಳ ಆಡಿದ್ದೆ. ‘ನಿನಗೆ ಹಾಲ್ ಬೇಕಾ, ಹಕ್ಕು ಬೇಕಾ’ ಅಂತ ಕೇಳಿದರು. ಉತ್ತರ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಆಮೇಲೆ ಹಾಲ್ ‘ನಿರ್ವಹಣೆ’ಗೆ ಅಂತ ಯಾರದೋ ಕೈಗೆ ಹೋಯ್ತು. ಚುನಾವಣೆ ಬಂದಾಗ ತೆಗೀತಾರೆ, ಬ್ಯಾನರು ಕುರ್ಚಿ ಇಡ್ತಾರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಅಂತ ಎರಡು ವರ್ಷದ ಸಂಸದರ ನಿಧಿಯನ್ನು, 7,900 ಕೋಟಿ, ಕೇಂದ್ರ ಒಂದೇ ನಿರ್ಧಾರದಲ್ಲಿ ವಾಪಸ್ ತಗೊಂಡಿತು. 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿತು, ಆ ವರ್ಷಕ್ಕೆ 2 ಕೋಟಿ. ಅದೇ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದು, ವರ್ಷಗಟ್ಟಲೆ ಈ ಊರಿಗೆ ಕಾರ್ಪೊರೇಟರೇ ಇಲ್ಲದ ಹಾಗಾಯ್ತು. ಮೋರಿ ಕಟ್ಟಿದರೆ ಹೇಳೋಕೆ ಮತ್ತೆ ಎಂಎಲ್‌ಎ ಮನೆ, ಎಂಪಿ ಮನೆ. ರೆಸಿಡೆಂಟರ ಕಾಲಕ್ಕೆ ವಾಪಸ್!

ಹಲಸೂರಿನ ಗೌತಮಪುರಕ್ಕೆ ಹೋಗಿದ್ದೀರಾ? ಫುಟ್‌ಬಾಲ್ ಹುಚ್ಚಿನ ಕೇರಿ. ಅಲ್ಲಿ ಬುದ್ಧ, ಬಾಬಾಸಾಹೇಬರು, ಮದರ್ ತೆರೇಸಾ, ಅವರ ಜೊತೆಗೆ ಪೆಲೆ ಪ್ರತಿಮೆ ಇದೆ. ಸ್ಮಾರಕ ಕಟ್ಟಂಗಿಲ್ಲ ಅನ್ನೋ ಸಂಸದರ ನಿಧಿಯಲ್ಲಿ ಪೆಲೆಗೆ ಜಾಗ ಇಲ್ಲ. ಆದರೂ ಪೆಲೆ ಅಲ್ಲಿ ನಿಂತಿದ್ದಾರೆ, ಅವರಿಗೆ ಯಾರೂ ಬೀಗ ಹಾಕಿಲ್ಲ.

ನಮ್ಮ ಹಾಲ್ ವಿಷಯಕ್ಕೆ ಬರ್ತೀನಿ. ಮುಂದಿನ ವಾರ ನಾವು ಹನ್ನೆರಡು ಜನ ಡಿಸಿ ಆಫೀಸಿಗೆ ಹೋಗ್ತಿದ್ದೀವಿ. ಕೇಳೋದು ಮೂರೇ. ಹಾಲ್ ಕಟ್ಟಿದ ಮೇಲೆ ಯಾವ ಇಲಾಖೆಗೆ ಹಸ್ತಾಂತರ ಆಯ್ತು, ಆ ಕಾಗದ. ಐದು ವರ್ಷದಲ್ಲಿ ಆ 15%ನಲ್ಲಿ ಆದ ಕಾಮಗಾರಿಗಳ ಪಟ್ಟಿ, ರಸ್ತೆ ಹೆಸರು ಸಮೇತ. ಬೀಗದ ಕೈ. ಶಿವಾಜಿನಗರ, ಹಲಸೂರು, ಇಂದಿರಾನಗರದ ಹಿಂದಿನ ಪಾಳ್ಯಗಳು, ಕೆ.ಆರ್. ಪುರ ಕಡೆ ಇರೋರು ನಿಮ್ಮ ಕೇರಿಯ ಭವನದ ಕಲ್ಲಿನ ಫೋಟೋ, ಬಾಗಿಲಿನ ಫೋಟೋ ಎರಡೂ ಕಾಮೆಂಟಲ್ಲಿ ಹಾಕಿ. ಅರ್ಜಿ ಜೊತೆ ಸೇರಿಸ್ತೀವಿ. ಈ ಸಲ ಹಾರ ತಗೊಂಡು ಹೋಗ್ತಿಲ್ಲ.

ಜೈ ಭೀಮ್.