ಕೆಲಸ ಹೋದಾಗ ಇಎಂಐ ಕಟ್ಟುವ ವಿಮೆ: ಕ್ಲೇಮ್ ಮಾಡುವುದು ಹೇಗೆ? ಎಡವುವುದು ಎಲ್ಲಿ?

ಗೃಹ ಸಾಲ ಪಡೆಯುವಾಗ ಬ್ಯಾಂಕ್‌ನವರು ಮುಂದಿಡುವ ಹತ್ತಾರು ಕಾಗದಗಳ ನಡುವೆ ಸಾಲ ರಕ್ಷಣಾ ವಿಮೆಯ ಅರ್ಜಿಯೂ ಇರುತ್ತದೆ. ಅದಕ್ಕೆ ಸಹಿ ಹಾಕಿದ್ದನ್ನೇ ಹಲವರು ಮರೆತಿರುತ್ತಾರೆ. ಪ್ರೀಮಿಯಂ ಅನ್ನು ಒಂದೇ ಬಾರಿಗೆ ಸಾಲದ ಮೊತ್ತಕ್ಕೆ ಸೇರಿಸಿಬಿಡುವುದರಿಂದ ಜೇಬಿನಿಂದ ದುಡ್ಡು ಹೋಗಿದ್ದೂ ಗೊತ್ತಾಗುವುದಿಲ್ಲ. ಕಂಪನಿ ಕೆಲಸದಿಂದ ತೆಗೆದಾಗ ಮೊದಲು ಹುಡುಕಬೇಕಾದದ್ದು ಆ ಕಾಗದವನ್ನೇ.

ಸಾಲ ಮಂಜೂರಾತಿ ಪತ್ರದಲ್ಲಿ ಅಥವಾ ಸಾಲದ ಖಾತೆಯ ಮೊದಲ ಸ್ಟೇಟ್‌ಮೆಂಟ್‌ನಲ್ಲಿ ವಿಮೆಗೆಂದು ಹಣ ಕಡಿತವಾಗಿದೆಯೇ ನೋಡಿ. ಆಗಿದ್ದರೆ ವಿಮಾ ಪ್ರಮಾಣಪತ್ರದ ಪ್ರತಿ ಕೊಡಿ ಎಂದು ಬ್ಯಾಂಕ್‌ಗೆ ಇಮೇಲ್ ಕಳಿಸಿ. ನಮ್ಮಲ್ಲಿ ಉದ್ಯೋಗ ನಷ್ಟಕ್ಕೆಂದೇ ಪ್ರತ್ಯೇಕ ಪಾಲಿಸಿ ಸಿಗುವುದು ಬಹಳ ಅಪರೂಪ. ಸಾಮಾನ್ಯವಾಗಿ ಅದು ಗಂಭೀರ ಕಾಯಿಲೆ ಅಥವಾ ಅಪಘಾತ ವಿಮೆಯ ಜೊತೆ ಒಂದು ಸಣ್ಣ ಭಾಗವಾಗಿ ಬರುತ್ತದೆ. ಹೀಗಾಗಿ ಪಾಲಿಸಿಯ ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ, ಒಳಗಿನ ಷರತ್ತುಗಳನ್ನು ಓದಿ. ಸಾಲಗಾರ ಸತ್ತರೆ ಮಾತ್ರ ಬಾಕಿ ತೀರಿಸುವ ವಿಮೆಯನ್ನೇ ‘ಕೆಲಸ ಹೋದರೂ ರಕ್ಷಣೆ’ ಎಂದು ತಿಳಿದುಕೊಂಡವರು ಬೇಕಾದಷ್ಟು ಜನರಿದ್ದಾರೆ.

ರಾಜೀನಾಮೆ ಕೊಡುವ ಮುನ್ನ ಯೋಚಿಸಿ

ಕ್ಲೇಮ್ ತಿರಸ್ಕೃತವಾಗುವ ದೊಡ್ಡ ಕಾರಣ ಇಲ್ಲಿದೆ. ಐಟಿ ಮತ್ತು ಸ್ಟಾರ್ಟಪ್ ಕಂಪನಿಗಳಲ್ಲಿ ಎಚ್‌ಆರ್ ವಿಭಾಗದವರು ಉದ್ಯೋಗಿಯನ್ನು ಕರೆದು, ‘ನೀವೇ ರಾಜೀನಾಮೆ ಕೊಟ್ಟರೆ ನಿಮ್ಮ ದಾಖಲೆಗೆ ಕಪ್ಪುಚುಕ್ಕೆ ಇರುವುದಿಲ್ಲ, ಎರಡು ತಿಂಗಳ ಸಂಬಳವೂ ಸಿಗುತ್ತದೆ’ ಎನ್ನುವುದುಂಟು. ಮುಂದಿನ ಕೆಲಸಕ್ಕೆ ತೊಂದರೆಯಾದೀತೆಂಬ ಭಯದಲ್ಲಿ ಬಹುತೇಕರು ಒಪ್ಪಿಕೊಳ್ಳುತ್ತಾರೆ. ಆದರೆ ವಿಮಾ ಕಂಪನಿಯ ಕಣ್ಣಿಗೆ ಅದು ಸ್ವಇಚ್ಛೆಯ ರಾಜೀನಾಮೆ. ಸ್ವಇಚ್ಛೆಯಿಂದ ಕೆಲಸ ಬಿಟ್ಟವರಿಗೆ ಈ ವಿಮೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಹಾಗೆಂದು ಎಲ್ಲರೂ ಎಚ್‌ಆರ್ ಜೊತೆ ಜಗಳಕ್ಕೆ ನಿಲ್ಲಬೇಕೆಂದಲ್ಲ. ಕಂಪನಿ ಕೊಡುವ ಪರಿಹಾರ ಮೂರು ತಿಂಗಳ ಇಎಂಐಗಿಂತ ದೊಡ್ಡದಾಗಿದ್ದರೆ ಅದನ್ನು ತೆಗೆದುಕೊಳ್ಳುವುದೇ ಲಾಭ ಇರಬಹುದು. ಲೆಕ್ಕ ಹಾಕಿ ನಿರ್ಧರಿಸಿ, ಆದರೆ ಆ ಲೆಕ್ಕ ಸಹಿ ಹಾಕುವ ಮೊದಲೇ ಆಗಬೇಕು. ಹುದ್ದೆ ರದ್ದತಿ ಅಥವಾ ವೆಚ್ಚ ಕಡಿತದ ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿದೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದುಕೊಡುವಂತೆ ಕೇಳಿ. ಈ ಬಗ್ಗೆ ನಿಮಗೆ ಬಂದ ಇಮೇಲ್‌ಗಳನ್ನು ಆಫೀಸ್ ಲ್ಯಾಪ್‌ಟಾಪ್ ಹಿಂದಿರುಗಿಸುವ ಮುನ್ನವೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಲಾಗಿನ್ ಬಂದ್ ಆದ ಮೇಲೆ ಅವು ಸಿಗುವುದಿಲ್ಲ.

ಪ್ರೊಬೇಷನ್‌ನಲ್ಲಿರುವವರು, ಗುತ್ತಿಗೆ ನೌಕರರು, ಸ್ವಂತ ಉದ್ಯೋಗ ಮಾಡುವವರು, ನಿವೃತ್ತರಾದವರು ಸಾಮಾನ್ಯವಾಗಿ ಈ ರಕ್ಷಣೆಯ ಹೊರಗೆ ಉಳಿಯುತ್ತಾರೆ. ಅಶಿಸ್ತು, ವಂಚನೆ ಅಥವಾ ಕಳಪೆ ಕಾರ್ಯಕ್ಷಮತೆಯ ಕಾರಣ ತೋರಿಸಿ ವಜಾ ಮಾಡಿದ್ದರೂ ಹಣ ಸಿಗುವುದು ಕಷ್ಟ. ಪತ್ರದಲ್ಲಿನ ಒಂದೊಂದು ಪದಕ್ಕೂ ಬೆಲೆ ಇರುವುದು ಇದಕ್ಕೇ.

ಹಣ ಎಷ್ಟು, ಯಾವಾಗ?

ಬಹುತೇಕ ಪಾಲಿಸಿಗಳು ಗರಿಷ್ಠ 3 ಇಎಂಐ ಮಾತ್ರ ಕಟ್ಟುತ್ತವೆ. ಅದಕ್ಕೂ ಮೊದಲು ನಿರೀಕ್ಷಣಾ ಅವಧಿ ಇರುತ್ತದೆ. ಪಾಲಿಸಿಗೆ ತಕ್ಕಂತೆ ಇದು 30 ದಿನದಿಂದ 90 ದಿನದವರೆಗೂ ಹೋಗಬಹುದು. ಒಂದು ಉದಾಹರಣೆ ನೋಡೋಣ. ನಿಮ್ಮ ಇಎಂಐ 42,000 ರೂಪಾಯಿ, ಪ್ರತಿ ತಿಂಗಳ 5ರಂದು ಕಡಿತ. ಜೂನ್ 30ಕ್ಕೆ ಕೆಲಸ ಹೋಯಿತು, ನಿರೀಕ್ಷಣಾ ಅವಧಿ 30 ದಿನ ಎಂದಿಟ್ಟುಕೊಳ್ಳಿ. ಜುಲೈ ಕಂತನ್ನು ನೀವೇ ಕಟ್ಟಬೇಕು. ಆಗಲೂ ಕೆಲಸ ಸಿಕ್ಕಿರದಿದ್ದರೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಕಂತುಗಳು ಸೇರಿ 1,26,000 ರೂಪಾಯಿ ವಿಮೆಯಿಂದ ಬರುತ್ತದೆ. ಸೆಪ್ಟೆಂಬರ್ 20ಕ್ಕೆ ಹೊಸ ಕೆಲಸಕ್ಕೆ ಸೇರಿದರೆ ಅಕ್ಟೋಬರ್ ಕಂತು ಸಾಮಾನ್ಯವಾಗಿ ಬರುವುದಿಲ್ಲ. ಹೊಸ ಕೆಲಸವನ್ನು ಮುಚ್ಚಿಟ್ಟು ಹಣ ಪಡೆಯಲು ಹೋಗಬೇಡಿ, ಪಿಎಫ್ ದಾಖಲೆಯಲ್ಲಿ ಅದು ಬಯಲಾಗುತ್ತದೆ.

ಕೆಲಸ ಹೋದ ತಕ್ಷಣ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಕ್ಲೇಮ್ ಫಾರ್ಮ್ ಜೊತೆ ನೇಮಕಾತಿ ಪತ್ರ, ಕೆಲಸದಿಂದ ತೆಗೆದ ಪತ್ರ, ಕೊನೆಯ ತಿಂಗಳುಗಳ ಸಂಬಳದ ಚೀಟಿ, ಫಾರ್ಮ್ 16, ಸಾಲದ ಸ್ಟೇಟ್‌ಮೆಂಟ್, ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಕೇಳುತ್ತಾರೆ. ಇನ್ನೂ ನಿರುದ್ಯೋಗಿ ಎಂಬ ಘೋಷಣೆಯನ್ನು ಪ್ರತಿ ತಿಂಗಳೂ ಕೊಡಬೇಕಾಗಿ ಬರಬಹುದು.

ಕ್ಲೇಮ್ ಹಾಕಿದ್ದೇನೆಂದು ಇಎಂಐ ನಿಲ್ಲಿಸುವುದು ದೊಡ್ಡ ತಪ್ಪು. ಸಾಲ ವಿಮಾ ಕಂಪನಿಯದ್ದಲ್ಲ, ನಿಮ್ಮದು. ಕಂತು ತಪ್ಪಿದರೆ ದಂಡದ ಜೊತೆಗೆ ಕ್ರೆಡಿಟ್ ಸ್ಕೋರ್ ಕೂಡ ಕುಸಿಯುತ್ತದೆ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ. ಕಟ್ಟಲು ಆಗುವುದಿಲ್ಲ ಎನಿಸಿದರೆ ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ, ಸಾಲದ ಅವಧಿ ವಿಸ್ತರಿಸಿ ಕಂತು ಇಳಿಸಲು ಸಾಧ್ಯವೇ ಎಂದು ಕೇಳಿ.

ಇಎಸ್‌ಐ ವ್ಯಾಪ್ತಿಯಲ್ಲಿದ್ದವರಿಗೆ ಇನ್ನೊಂದು ದಾರಿಯಿದೆ. 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಡಿ ದಿನದ ಸರಾಸರಿ ಗಳಿಕೆಯ ಶೇ 50ರಷ್ಟು ಹಣವನ್ನು ಗರಿಷ್ಠ 90 ದಿನಗಳವರೆಗೆ ಕೊಡುತ್ತಾರೆ. ಜೀವನದಲ್ಲಿ ಒಮ್ಮೆ ಮಾತ್ರ ಸಿಗುವ ಸೌಲಭ್ಯ ಇದು. ಯೋಜನೆಯನ್ನು ಆಗಾಗ ವಿಸ್ತರಿಸುತ್ತಾ ಬಂದಿರುವುದರಿಂದ, ಈಗ ಜಾರಿಯಲ್ಲಿದೆಯೇ ಎಂದು ಇಎಸ್‌ಐ ಶಾಖೆಯಲ್ಲಿ ವಿಚಾರಿಸಿ.

ತಿರಸ್ಕರಿಸಿದರೆ ಎಲ್ಲಿಗೆ ಹೋಗಬೇಕು?

ಫೋನ್‌ನಲ್ಲಿ ‘ಆಗಲ್ಲ’ ಎಂದರೆ ಸುಮ್ಮನಾಗಬೇಡಿ. ಯಾವ ಷರತ್ತಿನ ಆಧಾರದ ಮೇಲೆ ತಿರಸ್ಕರಿಸಿದ್ದಾರೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಇಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ದೂರನ್ನು ತಿರಸ್ಕರಿಸಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ.

ಮತ್ತೊಂದು ಅನುಕೂಲವೆಂದರೆ, ನೀವು ವಾಸವಿರುವ ಊರಿನ ವ್ಯಾಪ್ತಿಯ ಕಚೇರಿಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಸಾಲ ಮಾಡಿ ಈಗ ಪುಣೆಯಲ್ಲಿ ನೆಲೆಸಿದ್ದರೆ ಪುಣೆಯಲ್ಲೇ ಅರ್ಜಿ ಕೊಟ್ಟರಾಯಿತು. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲೂ ಓಂಬುಡ್ಸ್‌ಮನ್ ಕಚೇರಿಗಳಿವೆ.