ಮಳೆಸೀಮೆಯ ಹಳೆ ಕಾರು: ಸಸ್ಪೆನ್ಷನ್ನಿಗೆ ಹಿಡಿದ ತುಕ್ಕು

ಶಿರಸಿ–ಯಲ್ಲಾಪುರ ರಸ್ತೆಯ ಮಂಚಿಕೇರಿ ಪೇಟೆಯಲ್ಲಿ ಅರ್ಧ ತಾಸು ನಿಂತರೆ ಹದಿನೈದು ವರ್ಷ ದಾಟಿದ ಓಮ್ನಿ, ಮಾರುತಿ 800, ಜೀಪು, ಬೊಲೆರೊಗಳು ಕಣ್ಣಿಗೆ ಬೀಳುತ್ತವೆ. ತೋಟದ ಮನೆಗಳು ಡಾಂಬರು ರಸ್ತೆಯಿಂದ ಒಳಗೆ, ಹಳ್ಳದ ಆಚೆ, ಗುಡ್ಡದ ಇಳಿಜಾರಿನಲ್ಲಿ ಇರುತ್ತವೆ. ಅಡಿಕೆ ಚೀಲ ಪೇಟೆಗೆ ಹೋಗುವುದೂ ರಾತ್ರಿ ಹೊತ್ತಿನಲ್ಲಿ ಅಜ್ಜನನ್ನು ಆಸ್ಪತ್ರೆಗೆ ಒಯ್ಯುವುದೂ ಇದೇ ಗಾಡಿಗಳಲ್ಲಿ. ಎಂಜಿನ್ ಕೆಟ್ಟರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಸಸ್ಪೆನ್ಷನ್ ಮುರಿದರೆ ಓಡುತ್ತಿರುವಾಗಲೇ ಹಿಡಿತ ತಪ್ಪುತ್ತದೆ. ಹೊಂಡ ಕೊಡುವುದು ಕೊನೆಯ ಪೆಟ್ಟನ್ನು ಮಾತ್ರ. ಅದಕ್ಕೆ ಎಷ್ಟೋ ಮೊದಲೇ ತುಕ್ಕು ಆ ಭಾಗವನ್ನು ತಿಂದಿರುತ್ತದೆ.

ಸಸ್ಪೆನ್ಷನ್ ಎಂದರೆ ಏನೇನು?

ಗಾಲಿಗೂ ಗಾಡಿಯ ಮೈಗೂ ನಡುವೆ ಇರುವ ಕಮಾನು, ತೋಳು, ಕೀಲುಗಳೆಲ್ಲ ಸೇರಿ ಸಸ್ಪೆನ್ಷನ್. ಮಾರುತಿ 800ರ ಮುಂದೆ ಶಾಕ್ ಅಬ್ಸಾರ್ಬರ್ ಮತ್ತು ಸುರುಳಿ ಸ್ಪ್ರಿಂಗ್ ಒಂದಾಗಿರುವ ಸ್ಟ್ರಟ್ ಇದೆ, ಅದರ ಬುಡವನ್ನು ಲೋವರ್ ಆರ್ಮ್ ಹಿಡಿದಿರುತ್ತದೆ. ಓಮ್ನಿಗೆ ಮುಂದೆ ಇದೇ ಏರ್ಪಾಡು, ಹಿಂದೆ ಮಾತ್ರ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್. ಹಳೆಯ ಜೀಪಿಗೆ ನಾಲ್ಕೂ ಕಡೆ ಪ್ಲೇಟುಗಳೇ. ಇವುಗಳನ್ನು ಮೈಗೆ ಜೋಡಿಸುವ ಬೋಲ್ಟು, ಅದರ ಸುತ್ತಲಿನ ರಬ್ಬರ್ ಬುಷ್, ಗಾಲಿ ತಿರುಗಲು ಬಿಡುವ ಬಾಲ್ ಜಾಯಿಂಟ್ ಸಣ್ಣವು, ಆದರೆ ಗಾಲಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಅವೇ.

ಮಲೆನಾಡಿನಲ್ಲಿ ತುಕ್ಕು ಎಲ್ಲಿಂದ ಬರುತ್ತದೆ?

ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪೇ ಕಾರುಗಳ ಅಡಿಭಾಗವನ್ನು ತಿನ್ನುತ್ತದೆ. ನಮ್ಮಲ್ಲಿ ಹಿಮವೂ ಇಲ್ಲ, ರಸ್ತೆಗೆ ಉಪ್ಪು ಹಾಕುವವರೂ ಇಲ್ಲ. ಆದರೂ ಇಲ್ಲಿಯ ಗಾಡಿಗಳ ಅಡಿ ಬಯಲುಸೀಮೆಯ ಗಾಡಿಗಳಿಗಿಂತ ಬೇಗ ಹೋಗುತ್ತದೆ.

ಮೊದಲ ಕಾರಣ ತೇವ. ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ ಬೀಳುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಅಡಿ ಆರುವುದೇ ಇಲ್ಲ. ಮಡಗಾರ್ಡಿನ ಒಳಗೆ, ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಕೆಂಪು ಮಣ್ಣಿನ ರಾಡಿ ಕೂತುಬಿಡುತ್ತದೆ. ಅದರ ಜೊತೆ ದರಕು ಸೇರಿದರೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆಯೇ. ಹೊರಗೆ ಬಿಸಿಲು ಬಿದ್ದರೂ ಒಳಗೆ ವಾರಗಟ್ಟಲೆ ಹಸಿಯಾಗಿರುತ್ತದೆ.

ಎರಡನೆಯ ಕಾರಣ ನಾವು ಗಾಡಿಯಲ್ಲಿ ಹೇರುವ ಸರಕು. ಇದರ ಕಡೆ ಗಮನ ಕೊಡುವವರು ಕಡಿಮೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಎಂಬುದು ರೂಢಿಯ ಲೆಕ್ಕ. ದ್ರಾವಣ ಹದವಾಯಿತೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರದ್ದು. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಹರಿದ ಚೀಲದಿಂದ ಓಮ್ನಿಯ ನೆಲಕ್ಕೆ ಉದುರಿದ ಮೈಲುತುತ್ತ ನೀರಿನೊಡನೆ ಸಂದಿಯಿಂದ ಇಳಿದು ಹಿಂದಿನ ಪ್ಲೇಟುಗಳ ಮೇಲೆ ಬಿದ್ದಾಗ ನಡೆಯುವುದೂ ಅದೇ. ಕೂತ ತಾಮ್ರ ಸುತ್ತಲಿನ ಕಬ್ಬಿಣವನ್ನು ಇನ್ನಷ್ಟು ಬೇಗ ಕೊರೆಯಿಸುತ್ತದೆ. ಪೊಟ್ಯಾಷ್ ಗೊಬ್ಬರದ್ದೂ ಇದೇ ಕತೆ. ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಲೋಹದ ಪಾಲಿಗೆ ಅದು ಅಡುಗೆ ಉಪ್ಪಿನಷ್ಟೇ ಕೆಟ್ಟದ್ದು. ಅರಬೈಲ್ ಘಟ್ಟ ಹತ್ತಿ ಬರುವ ಮೀನು ಲಾರಿಗಳಿಂದ ರಸ್ತೆಗೆ ಸೋರುವ ಉಪ್ಪುನೀರನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಮೂರನೆಯದು ಗಾಡಿ ನಿಲ್ಲಿಸುವ ಜಾಗ. ಕೊಟ್ಟಿಗೆಗೆ ಒತ್ತಿಕೊಂಡ ಮಣ್ಣುನೆಲದ ಮಾಡಿನಲ್ಲಿ, ನೆಲದವರೆಗೆ ತಾಡಪಾಲು ಹೊದಿಸಿ ನಿಲ್ಲಿಸಿದ ಕಾರಿಗೆ ಕೆಳಗಿನಿಂದ ಏರುವ ಹಸಿ ಹೊರಹೋಗಲು ದಾರಿ ಇರುವುದಿಲ್ಲ.

ಮೇಲಿನ ತುಕ್ಕು, ಒಳಗಿನ ತುಕ್ಕು

ಎಲ್ಲ ತುಕ್ಕೂ ಅಪಾಯದ್ದಲ್ಲ. ದಪ್ಪನೆಯ ಆಕ್ಸಲ್ ಹೌಸಿಂಗ್ ಮೇಲೆ ಕಂದು ಪುಡಿ ಕಂಡರೆ ಅದು ಬಣ್ಣ ಹೋದ ಗುರುತು, ಬಲ ಹೋಗಿದೆ ಎಂದಲ್ಲ. ಪದರ ಪದರವಾಗಿ ಸಿಪ್ಪೆ ಏಳುತ್ತಿದ್ದರೆ, ಗುಳಿ ಬಿದ್ದಿದ್ದರೆ ಮಾತ್ರ ಯೋಚನೆಯ ವಿಷಯ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆದ್ದರಿಂದ ಪ್ಲೇಟುಗಳ ನಡುವೆ, ಬೆಸುಗೆಯ ಸಂದಿನಲ್ಲಿ ಅದು ಬೆಣೆಯ ಹಾಗೆ ಹೊಕ್ಕು ಎರಡನ್ನೂ ಬಿರಿಸುತ್ತದೆ.

ಸ್ಪ್ರಿಂಗಿನ ಲೆಕ್ಕ ಬೇರೆ. ಅದು ಗಡಸು ಉಕ್ಕು, ದಿನಕ್ಕೆ ಸಾವಿರಾರು ಸಲ ಬಾಗಿ ಏಳುವಂಥದ್ದು. ಸಾಸಿವೆ ಗಾತ್ರದ ಗುಳಿ ಸಾಕು, ಬಿರುಕು ಅಲ್ಲಿಂದ ಹೊರಟು ಒಂದು ದಿನ ಕಮಾನು ಎರಡು ತುಂಡಾಗುತ್ತದೆ. ಸುರುಳಿ ಸ್ಪ್ರಿಂಗು ಹೆಚ್ಚಾಗಿ ಮುರಿಯುವುದು ಕೆಳಗಿನ ಕೊನೆಯ ಸುತ್ತಿನಲ್ಲಿ, ರಾಡಿ ನಿಲ್ಲುವ ಬಟ್ಟಲಿನ ಒಳಗೆ. ಅದು ಮೇಲಿನಿಂದ ಕಾಣುವುದೇ ಇಲ್ಲ. ಲೋವರ್ ಆರ್ಮ್ ಎರಡು ತಗಡನ್ನು ಕೂಡಿಸಿ ಮಾಡಿದ್ದಾದರೆ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು ಕಾಣುವ ಹೊತ್ತಿಗೆ ಒಳಗೆ ಉಳಿದಿರುವುದು ಕಾಗದದಷ್ಟು ತಗಡು.

ಪರೀಕ್ಷಿಸುವ ಬಗೆ

ಬರೀ ಜಾಕ್ ನಂಬಿ ಗಾಡಿಯ ಕೆಳಗೆ ನುಸಿಯಲೇಬೇಡಿ. ಚಿರೆಕಲ್ಲು ಕೊಟ್ಟು ನಿಲ್ಲಿಸುವ ಅಭ್ಯಾಸವೂ ತಪ್ಪು, ಒತ್ತಡಕ್ಕೆ ಅದು ತಟ್ಟನೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಅಗಲವಾದ ಗಟ್ಟಿ ಮರದ ದಿಮ್ಮಿ ಕೊಡಿ, ನೆಲದ ಮೇಲಿರುವ ಗಾಲಿಗಳಿಗೆ ಅಡೆ ಇಡಿ.

ಆಮೇಲೆ ತಂತಿ ಬ್ರಷ್ಷಿನಿಂದ ಮಣ್ಣು ತೆಗೆದು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ, ಒಳಗೆ ಹೋದರೆ ಆ ಭಾಗದ ಆಯುಷ್ಯ ಮುಗಿದಂತೆ. ಗಾಡಿ ಒಂದು ಕಡೆ ವಾಲುವುದು, ಬ್ರೇಕ್ ಒತ್ತಿದಾಗ ಪಕ್ಕಕ್ಕೆ ಎಳೆಯುವುದು, ಹೊಂಡ ಇಳಿದಾಗ ಕಟಕ್ ಎನ್ನುವುದು, ಟೈರಿನ ಒಂದೇ ಅಂಚು ಸವೆಯುವುದು ಮುನ್ಸೂಚನೆಗಳು. ಓಮ್ನಿ, ಜೀಪುಗಳಿಗೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಒದ್ದೆ ಮಣ್ಣಿನಲ್ಲಿ ನೇರ ಓಡಿಸಿ ಇಳಿದು ಗಾಲಿಯ ಜಾಡು ನೋಡಿ. ಹಿಂದಿನ ಜಾಡು ಒಂದೇ ಮಗ್ಗುಲಿಗೆ ಸರಿದಿದ್ದರೆ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿರುವ ಸಂಭವ ಹೆಚ್ಚು. ಕೆಳಗೆ ಮಲಗಿದಾಗ ಬ್ರೇಕಿನ ಉಕ್ಕಿನ ಕೊಳವೆಗಳನ್ನೂ ನೋಡಿಬಿಡಿ, ಅವಕ್ಕೂ ಹಿಡಿಯುವುದು ಇದೇ ತುಕ್ಕು.

ಬಿಚ್ಚುವುದು, ಬದಲಿಸುವುದು

ಹಳೆ ಗಾಡಿಯಲ್ಲಿ ಅರ್ಧ ಕೆಲಸ ಬೋಲ್ಟು ಬಿಚ್ಚುವುದೇ. ಬುಷ್ಷಿನ ಒಳಗಿನ ಕೊಳವೆಯೂ ಬೋಲ್ಟೂ ತುಕ್ಕಿನಿಂದ ಒಂದಕ್ಕೊಂದು ಕಚ್ಚಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ಬಿಡಿ. ಮೊದಲು ಚೂರು ಬಿಗಿ ಮಾಡಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ಸಡಿಲಿಸಿ. ಗ್ಯಾಸ್ ಬೆಂಕಿ ಹಿಡಿಯುವ ಮೊದಲು ಪೆಟ್ರೋಲ್ ಟ್ಯಾಂಕು, ಕೊಳವೆ ಎಲ್ಲಿವೆ ಎಂದು ನೋಡಬೇಕು. ಸಂಶಯವಿದ್ದರೆ ಬೋಲ್ಟನ್ನು ಕತ್ತರಿಸಿ ತೆಗೆಯುವುದೇ ಕ್ಷೇಮ. ಹೊಸ ಬೋಲ್ಟು ಹಾಕುವಾಗ ತಲೆಯ ಮೇಲೆ 8.8 ಅಥವಾ 10.9 ಎಂದು ಹಳೆಯದರಲ್ಲಿದ್ದ ಗುರುತೇ ಇರಲಿ. ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಗೇಟಿಗೆ ಸರಿ, ಗಾಲಿಗೆ ಸಲ್ಲದು.

ಸ್ಪ್ರಿಂಗನ್ನು ಎಡಬಲ ಜೋಡಿಯಾಗಿಯೇ ಬದಲಿಸಿ. ಸುರುಳಿ ಸ್ಪ್ರಿಂಗ್ ಒತ್ತಿ ಹಿಡಿಯಲು ಕಂಪ್ರೆಸರ್ ಎಂಬ ಸಲಕರಣೆ ಬೇಕೇ ಬೇಕು. ಸಿಡಿದರೆ ಅದು ಪ್ರಾಣ ತೆಗೆಯುವಷ್ಟು ಬಲದಿಂದ ಹಾರುತ್ತದೆ, ಆದ್ದರಿಂದ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಪ್ಲೇಟುಗಳು ಚೆನ್ನಾಗಿದ್ದರೆ ಬಿಚ್ಚಿ, ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಸೆಂಟರ್ ಬೋಲ್ಟೂ ಯು ಬೋಲ್ಟುಗಳೂ ಹೊಸವಿರುವಂತೆ ಕೂಡಿಸಬಹುದು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಯುವುದು ಗಾಲಿ ನೆಲಕ್ಕೆ ಇಳಿದು ಗಾಡಿಯ ಭಾರ ಬಿದ್ದ ಮೇಲೆ. ಮೇಲೆತ್ತಿದ್ದಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸಬಾರದು.

ಮಾಡಲೇಬಾರದವು ಎರಡಿವೆ. ಒಂದು, ಮುರಿದ ಸ್ಪ್ರಿಂಗಿಗೆ ವೆಲ್ಡಿಂಗ್. ಬೆಸುಗೆಯ ಕಾವಿಗೆ ಉಕ್ಕಿನ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲೇ ಅದು ಮತ್ತೆ ತುಂಡಾಗುತ್ತದೆ. ಎರಡು, ಗುಜರಿಯಿಂದ ತಂದ ಬಾಲ್ ಜಾಯಿಂಟ್, ಸ್ಪ್ರಿಂಗ್. ಬಾಗಿಲು, ಗಾಜು ಗುಜರಿಯಿಂದ ತರಬಹುದು, ಇವನ್ನಲ್ಲ.

ಉಳಿಸಬಹುದಾದ ಲೋಹಕ್ಕೆ ರಕ್ಷಣೆ

ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಆಗುವ ಕಪ್ಪು ಅದು. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರುಗಳಲ್ಲಿ ಹಲವು ಇದೇ ಟ್ಯಾನಿಕ್ ಆಮ್ಲದಿಂದಲೋ ಫಾಸ್ಫರಿಕ್ ಆಮ್ಲದಿಂದಲೋ ಕೆಲಸ ಮಾಡುತ್ತವೆ. ಸಡಿಲ ತುಕ್ಕನ್ನು ಉಜ್ಜಿ ತೆಗೆದ ಮೇಲೆ ಹಚ್ಚಿದರೆ ಉಳಿದದ್ದು ಗಟ್ಟಿ ಪದರವಾಗುತ್ತದೆ. ಅದರ ಮೇಲೆ ಪ್ರೈಮರ್, ಚಾಸಿ ಪೇಂಟ್ ಕೊಡಬೇಕು. ಆದರೆ ಇದು ತುಕ್ಕನ್ನು ತಡೆಯುತ್ತದೆಯೇ ಹೊರತು ತಿಂದುಹೋದ ಬಲವನ್ನು ಮರಳಿ ಕೊಡುವುದಿಲ್ಲ.

ಮಳೆಗಾಲಕ್ಕೆ ಮೊದಲು ಹಳೆ ಎಂಜಿನ್ ಆಯಿಲನ್ನು ಅಡಿಗೆಲ್ಲ ಹೊಡೆಸುವ ರೂಢಿ ಇದೆ. ಅದು ರಬ್ಬರ್ ಬುಷ್ಷನ್ನು ಉಬ್ಬಿಸಿ ಹಾಳುಮಾಡುತ್ತದೆ. ಹಳ್ಳ ದಾಟುವಾಗ ತೊಳೆದು ತೋಟದ ನೀರಿಗೂ ಸೇರುತ್ತದೆ. ಅದನ್ನು ಬಿಡುವುದೇ ಲೇಸು. ಗೊಬ್ಬರ, ಮೈಲುತುತ್ತ ಹೇರುವಾಗ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ತೂತು ಮುಚ್ಚಿದ ರಾಡಿ ಕೆರೆದು ನೀರಿಳಿಯುವ ದಾರಿ ಬಿಡಿಸಿದರೆ ಅದಕ್ಕಿಂತ ಹೆಚ್ಚು ಉಪಯೋಗ.

ಯಾವಾಗ ಕೈಬಿಡಬೇಕು?

ಆರ್ಮ್, ಸ್ಪ್ರಿಂಗ್, ಬುಷ್ ಯಾವುದನ್ನೂ ಬದಲಿಸಬಹುದು. ಅವು ಕೂರುವ ಬಾಡಿಯ ಜಾಗವೇ ಕೊಳೆತರೆ ಪ್ರಶ್ನೆ ಬೇರೆ. ಒಂದು ಕಡೆ ಹೋಗಿದ್ದರೆ ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಬಲ್ಲವರಿಂದ ಬೆಸೆಯಿಸಬೇಕು. ತುಕ್ಕಿನ ಮೇಲೇ ತೇಪೆ ಹಾಕಿ ಬಣ್ಣ ಬಳಿದರೆ ನಮ್ಮ ಕಣ್ಣನ್ನು ನಾವೇ ಕಟ್ಟಿಕೊಂಡಂತೆ. ಎರಡೂ ಕಡೆ ಹೋಗಿದ್ದರೆ ಆ ಗಾಡಿ ಎಷ್ಟೇ ಪ್ರೀತಿಯದಾಗಿರಲಿ, ರಸ್ತೆಗೆ ಇಳಿಸಬಾರದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಎರಡು ತಪಾಸಣೆಗಳ ನಡುವೆ ಐದು ಮಳೆಗಾಲ ಹೋಗುತ್ತವೆ. ಅಷ್ಟು ದಿನ ಕಾಯುವುದು ಬೇಡ. ಈ ಸಲ ಆಯುಧಪೂಜೆಗೆ ಗಾಡಿ ತೊಳೆದು ಹೂವಿನ ಹಾರ ಹಾಕುವ ಮುನ್ನ ಕೆಳಗೂ ತೊಳೆಸಿ, ಪೂರ್ತಿ ಆರಿದ ಮೇಲೆ ಟಾರ್ಚ್ ಹಿಡಿದು ನಾಲ್ಕೂ ಗಾಲಿಯ ಒಳಗೆ ಒಮ್ಮೆ ನೋಡಿ.