ಮಸ್ಟರ್ ರೋಲಿನಲ್ಲಿ ಯಾರ ಹೆಸರಿದೆ? ಆರ್‌ಟಿಐ ಹುಟ್ಟಿದ ಕಥೆ

(1/3)
ಬಿಕಾಂನವರಿಗೆ ಆಡಿಟಿಂಗ್‌ನಲ್ಲಿ ವೌಚಿಂಗ್ ಅಂತ ಒಂದು ಪಾಠ ಇದೆ. ಪುಸ್ತಕದಲ್ಲಿ ಬರೆದ ಖರ್ಚಿಗೆ ಬಿಲ್ ಇದೆಯಾ, ದುಡ್ಡು ನಿಜವಾಗಿ ಆ ಮನುಷ್ಯನ ಕೈ ಸೇರಿತಾ ಅಂತ ಒಂದೊಂದಾಗಿ ತಾಳೆ ನೋಡೋದು. ನಮಗದು ಪರೀಕ್ಷೆಗೆ ಬರೋ ಪ್ರಶ್ನೆ ಅಷ್ಟೇ. ಆದರೆ ರಾಜಸ್ಥಾನದ ಕೂಲಿಯವರು ಇದೇ ಕೆಲಸವನ್ನು ಊರವರ ಮುಂದೆ ಮಾಡಿ ತೋರಿಸಿದರು. ನೀವು 10 ರೂಪಾಯಿ ಕಟ್ಟಿ ಹಾಕೋ ಆರ್‌ಟಿಐ ಅರ್ಜಿಯ ಬೇರು ಅಲ್ಲಿದೆ.

ಅಲ್ಲಿ ಬರ ಪರಿಹಾರದ ಕೆಲಸಕ್ಕೆ ಹೋದವರಿಗೆ ಕನಿಷ್ಠ ಕೂಲಿಯೂ ಪೂರ್ತಿ ಸಿಗ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, ದಾಖಲೆ ಪ್ರಕಾರ ನೀವು ಅಷ್ಟು ಕೆಲಸವೇ ಮಾಡಿಲ್ಲ ಅನ್ನೋರು. ದಾಖಲೆ ತೋರಿಸಿ ಅಂದರೆ, ಅದು ಸರ್ಕಾರಿ ಗುಟ್ಟು! ಬ್ರಿಟಿಷರು 1923ರಲ್ಲಿ ಮಾಡಿಟ್ಟ ಅಧಿಕೃತ ರಹಸ್ಯ ಕಾಯ್ದೆಯ ಹೆಸರು ಹೇಳಿ ಕಳಿಸೋರು. ಕೂಲಿಯವರ ಹಾಜರಿ ಪಟ್ಟಿಯಲ್ಲಿ ದೇಶದ ಯಾವ ಗುಟ್ಟು ಇರುತ್ತೋ ನನಗಂತೂ ಅರ್ಥ ಆಗಿಲ್ಲ.

1990ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಶುರುವಾಯಿತು. ಐಎಎಸ್ ಬಿಟ್ಟು ಬಂದಿದ್ದ ಅರುಣಾ ರಾಯ್, ಜೊತೆಗೆ ನಿಖಿಲ್ ಡೇ, ಶಂಕರ್ ಸಿಂಗ್, ಮತ್ತೆ ಹಳ್ಳಿಯ ನೂರಾರು ಜನ. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಅನ್ನೋ ಊರಲ್ಲಿ ಮೊದಲ ಜನಸುನವಾಯಿ ಮಾಡಿದರು. ಅಂದರೆ ಜನರೇ ಕೂತು ನಡೆಸೋ ವಿಚಾರಣೆ. ಹೇಗೋ ಸಿಕ್ಕಿದ ಮಸ್ಟರ್ ರೋಲನ್ನು (ನಮ್ಮ ಕಡೆ ಎನ್‌ಎಂಆರ್ ಅಂತಾರೆ) ಜೋರಾಗಿ ಓದೋದು: ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ, ಇಷ್ಟು ಕೂಲಿ ತಗೊಂಡಿದ್ದಾರೆ. ಹೆಸರಿನವರು ಎದ್ದು ನಿಂತು ಹೌದು ಅಥವಾ ಇಲ್ಲ ಅನ್ನೋದು. ಮುಂದೆ ಇಂಥ ಸಭೆಗಳಲ್ಲಿ ಸತ್ತುಹೋದವರ ಹೆಸರಲ್ಲೂ ಕೂಲಿ ಎತ್ತಿದ್ದು ಹೊರಬಂತು.

ಇದು ವೌಚಿಂಗ್ ಅಲ್ಲದೆ ಇನ್ನೇನು ಹೇಳಿ?

(2/3)
1995ರಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ದಾಖಲೆಗಳ ಪ್ರತಿ ಕೊಡ್ತೀವಿ ಅಂತ ವಿಧಾನಸಭೆಯಲ್ಲೇ ಮಾತು ಕೊಟ್ಟರು. ವರ್ಷ ಕಳೆದರೂ ಪ್ರತಿ ಬರಲಿಲ್ಲ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿ ಕೂತರು, 40 ದಿನ. ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಅನ್ನೋದೇ ಕೂಗು.

ಆಮೇಲಿಂದು ಬೇಗ ಹೇಳ್ತೀನಿ. 1997ರಲ್ಲಿ ತಮಿಳುನಾಡು, ಗೋವಾ ತಮ್ಮದೇ ಕಾಯ್ದೆ ಮಾಡಿದವು. ನಮ್ಮ ಕರ್ನಾಟಕದ ಕಾಯ್ದೆ 2000ದ್ದು, ದೆಹಲಿಗಿಂತ ಮೊದಲು! ಕೇಂದ್ರ 2002ರಲ್ಲಿ ಒಂದು ಕಾಯ್ದೆ ಪಾಸು ಮಾಡ್ತು, ಜಾರಿಗೇ ತರಲಿಲ್ಲ. ಈಗಿನ ಕಾಯ್ದೆ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ಕ್ಕೆ.

ಇದರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಎರಡು. ಮಾಹಿತಿ ಯಾಕೆ ಬೇಕು ಅಂತ ಅವರು ಕೇಳೋ ಹಾಗಿಲ್ಲ. ಇನ್ನೊಂದು, 30 ದಿನದೊಳಗೆ ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ. ಅದು ಬೀಳೋದು ಇಲಾಖೆಗಲ್ಲ, ಆ ಅಧಿಕಾರಿಗೆ. ಆದರೆ ದಂಡ ಹಾಕಬೇಕಾದ್ದು ಮಾಹಿತಿ ಆಯೋಗ. ಆಯುಕ್ತರಿಗೆ 5 ವರ್ಷದ ಅವಧಿಯನ್ನು ಕಾಯ್ದೆಯೇ ಗಟ್ಟಿಮಾಡಿತ್ತು. 2019ರ ತಿದ್ದುಪಡಿ ಆದಮೇಲೆ ಅವಧಿ, ಸಂಬಳ ಎರಡನ್ನೂ ಕೇಂದ್ರ ಸರ್ಕಾರ ನಿಯಮ ಮಾಡಿ ಹೇಳುತ್ತೆ. ಆಡಿಟರ್ ಸ್ವತಂತ್ರನಾಗಿರಬೇಕು ಅಂತ ನಾವು ಓದಿದ್ದೀವಲ್ಲ, ಅದನ್ನು ಇಲ್ಲಿಟ್ಟು ನೋಡಿ.

(3/3)
ಈಗ ಹೆಸರಿನ ವಿಷಯ. 8(1)(ಜೆ) ಅನ್ನೋ ಕಲಂ ಮೊದಲು ಹೇಳ್ತಿದ್ದದ್ದು: ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ, ಅಥವಾ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಕೈಹಾಕೋ ವೈಯಕ್ತಿಕ ಮಾಹಿತಿ ಕೊಡಬೇಕಾಗಿಲ್ಲ. ಜೊತೆಗೆ ಒಂದು ಚಂದದ ಮಾತಿತ್ತು: ಸಂಸತ್ತಿಗೆ, ವಿಧಾನಮಂಡಲಕ್ಕೆ ಇಲ್ಲ ಅನ್ನಲಾಗದ್ದನ್ನು ಯಾವ ಮನುಷ್ಯನಿಗೂ ಇಲ್ಲ ಅನ್ನಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇವೆಲ್ಲ ತೆಗೆದು ಕಲಮನ್ನು ಚಿಕ್ಕದಾಗಿಸಿತು. ವೈಯಕ್ತಿಕ ಮಾಹಿತಿ ಅಂದರೆ ಸಾಕು, ವಿನಾಯಿತಿ.

ಖಾಸಗಿತನ ಬೇಡವಾ ಅಂತ ಕೇಳ್ತೀರಾ? ಬೇಕು. ಅದು ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಕೇಸಿನಲ್ಲಿ. ಆದರೆ ಹಳೇ ಕಲಮಲ್ಲೇ ಅದಕ್ಕೆ ಜಾಗ ಇತ್ತು. ಮಸ್ಟರ್ ರೋಲಿನ ಹೆಸರೂ ವೈಯಕ್ತಿಕ, ಬಿಲ್ಲಿಗೆ ಸಹಿ ಹಾಕಿದ ಇಂಜಿನಿಯರ್ ಹೆಸರೂ ವೈಯಕ್ತಿಕ ಅಂತ ಮುಚ್ಚಿದರೆ ಉಳಿಯೋದು ಒಟ್ಟು ಮೊತ್ತ ಒಂದೇ. ಬರೀ ಟೋಟಲ್ ನೋಡಿ ವೌಚಿಂಗ್ ಮಾಡೋಕೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ.

ಒಂದು ಬಾಗಿಲು ಇನ್ನೂ ತೆರೆದಿದೆ, 8(2). ಮುಚ್ಚಿಟ್ಟರೆ ಆಗೋ ಲಾಭಕ್ಕಿಂತ ಬಿಚ್ಚಿಟ್ಟರೆ ಸಾರ್ವಜನಿಕರಿಗೆ ಆಗೋ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಹೆಸರಿರೋ ದಾಖಲೆ ಕೇಳುವಾಗ ಈ ಕಲಂ ನಮೂದಿಸಿ, ಸಾರ್ವಜನಿಕ ಹಿತ ಏನು ಅಂತ ಒಂದು ಸಾಲು ಬರೆಯಿರಿ. (ಕಾರಣ ಹೇಳೋದೇ ಬೇಡ ಅಂದಿದ್ದ ಕಾಯ್ದೆ ಇದು!) ಚಿಕ್ಕದಾಗಿ ಬರೀರಿ. ಕರ್ನಾಟಕದ 2008ರ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಈ ಸರಣಿಯನ್ನೇ ಅರ್ಜಿ ಮಾಡಿ ಕಳಿಸಿದ್ದರೆ ವಾಪಸ್ ಬರ್ತಿತ್ತು.

#ಆರ್‌ಟಿಐ #ಬಿಕಾಂ #ಲೆಕ್ಕದಹಿಂದಿನಇತಿಹಾಸ